ಏಳನೇ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಗು ಬರೋ ಪುಸ್ತಕ ಹೇಳ್ತೀರಾ?

ಮಳೆಹನಿ:
ಎಲ್ರಿಗೂ ನಮಸ್ಕಾರ. ಮಗ ಏಳನೇ ಕ್ಲಾಸು, ಮಗಳು ಒಂಬತ್ತನೇದು. ಇಬ್ರೂ ವಿಂಪಿ ಕಿಡ್ ಅನ್ನೋ ಇಂಗ್ಲಿಷ್ ತಮಾಷೆ ಡೈರಿ ಪುಸ್ತಕ ಹಿಡ್ಕೊಂಡ್ರೆ ಊಟಕ್ಕೆ ಕರೆದ್ರೂ ಏಳಲ್ಲ, ಕನ್ನಡ ಪುಸ್ತಕ ಕೊಟ್ರೆ ಎರಡು ಪೇಜ್ ಓದಿ ಪಕ್ಕಕ್ಕಿಡ್ತಾರೆ. ಅಂಗಡೀಲಿ ಕೇಳಿದ್ರೆ ತೆನಾಲಿ ರಾಮ, ಬೀರಬಲ್ಲ ತೋರಿಸ್ತಾರೆ, ಅವೆಲ್ಲ ಚಿಕ್ಕೋರಿದ್ದಾಗ್ಲೇ ಕೇಳಿ ಮುಗ್ಸಿದಾರೆ. ಕೊನೇಲಿ ನೀತಿಪಾಠ ಇಲ್ದೇ ಇರೋದು ಬೇಕು, ಕನ್ನಡ ಇಂಗ್ಲಿಷ್ ಯಾವ್ದಾದ್ರೂ ಸರಿ.

ಹಳೇ ಕಪಾಟು:
ಮಗನಿಗೆ ಆರ್.ಕೆ. ನಾರಾಯಣ್ ಅವರ ಸ್ವಾಮಿ ಅಂಡ್ ಫ್ರೆಂಡ್ಸ್ ಕೊಡಿ ಮೇಡಂ. 1935ರ ಪುಸ್ತಕ ಅಂತ ಹೆದರ್ಬೇಡಿ, ಇಂಗ್ಲಿಷ್ ತುಂಬಾ ಸಲೀಸು. ಅದ್ರಲ್ಲಿ ಸ್ವಾಮಿ ಅನ್ನೋ ಹುಡುಗನಿಗೆ ಅವ್ನ ಅಪ್ಪ ಒಂದು ಲೆಕ್ಕ ಕೊಡ್ತಾರೆ, ರಾಮನ ಹತ್ರ 10 ಮಾವಿನಹಣ್ಣಿದೆ, 15 ಆಣೆ ಬರ್ಬೇಕು, ಕೃಷ್ಣನಿಗೆ ನಾಕೇ ಸಾಕು, ಅವ್ನು ಎಷ್ಟು ಕೊಡ್ಬೇಕು ಅಂತ. ಸ್ವಾಮಿಗೆ ಲೆಕ್ಕ ತಲೆಗೇ ಹತ್ತಲ್ಲ, ಆ ಹಣ್ಣು ಮಾಗಿತ್ತೋ ಇಲ್ವೋ ಅನ್ನೋದೇ ಯೋಚ್ನೆ, ಅದನ್ನ ಅಪ್ಪನ್ನೇ ಕೇಳಿಬಿಡ್ತಾನೆ! ನಾನು ಇದನ್ನ ಮಕ್ಕಳ ಗುಂಪಿಗೆ ಜೋರಾಗಿ ಓದಿ ಹೇಳಿದಾಗ ಬಿದ್ದು ಬಿದ್ದು ನಕ್ಕಿದಾರೆ, ಯಾಕಂದ್ರೆ ಲೆಕ್ಕ ಬರ್ದೇ ಇರೋ ಸಂಕಟ ಈಗ್ಲೂ ಅದೇ ಅಲ್ವಾ. ಮೊದಲ ಚಾಪ್ಟರ್ ನೀವೇ ಓದಿ ಹೇಳಿ, ಮುಂದಿಂದು ಅವ್ನೇ ಕಿತ್ಕೊಂಡು ಓದ್ತಾನೆ.

ಕಾಡುಹಾದಿ:
ಮಗಳಿಗೆ ಪೂರ್ಣಚಂದ್ರ ತೇಜಸ್ವಿ ಅವರ ಪುಸ್ತಕ ಕೊಡಿ ಮೇಡಂ, ಬೇರೆ ಮಾತೇ ಇಲ್ಲ. ಕರ್ವಾಲೋ ಶುರು ಮಾಡ್ಸಿ. ಹಾರೋ ಓತಿ ಹುಡುಕ್ಕೊಂಡು ದೊಡ್ಡ ವಿಜ್ಞಾನಿ ಒಬ್ರು ಕಾಡಿಗೆ ಹೋಗ್ತಾರೆ, ಜೊತೆಗೆ ಯಾರಪ್ಪಾ ಅಂದ್ರೆ ಊರೋರು ದಡ್ಡ ಅಂದ್ಕೊಂಡಿರೋ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ. ಇವರ ಮಾತುಕತೇಲೇ ನಗು ಹುಟ್ಟುತ್ತೆ, ನಗಿಸ್ಬೇಕು ಅಂತ ಎಲ್ಲೂ ತಿಣುಕಲ್ಲ. ಕಾದಂಬರಿ ಉದ್ದ ಅನ್ಸಿದ್ರೆ ಪರಿಸರದ ಕತೆ ತಗೊಳ್ಳಿ, ಬಿಡಿ ಬಿಡಿ ಪ್ರಸಂಗಗಳು, ಎಲ್ಲಿಂದ ಬೇಕಾದ್ರೂ ಓದ್ಬಹುದು. ಇವನ್ನ ಯಾರೂ ಮಕ್ಕಳ ಪುಸ್ತಕದ ಸಾಲಲ್ಲಿ ಇಡಲ್ಲ, ಅದಕ್ಕೇ ಅಂಗಡೀಲಿ ನಿಮ್ಗೆ ತೋರಿಸಿಲ್ಲ.

ಚುಕ್ಕಿ_ಗೆರೆ:
ಕಾಡುಹಾದಿ ಸರ್ ಹೇಳಿದ್ದು ಒಪ್ಪಿದೆ, ಆದ್ರೆ ವಿಂಪಿ ಕಿಡ್ ಹಿಡಿಸೋದು ಸ್ಕೂಲು, ಫ್ರೆಂಡ್ಸು, ಮನೆ ಜಗಳ ಎಲ್ಲಾ ಅವ್ರದ್ದೇ ಕತೆ ಥರ ಇರೋದ್ರಿಂದ. ಈಗಿನ ಹೈಸ್ಕೂಲು, ಟ್ಯೂಷನ್ನು, ಮೊಬೈಲು ಇಟ್ಕೊಂಡು ನಗಿಸೋ ಕಾದಂಬರಿ ಕನ್ನಡದಲ್ಲಿ ಇನ್ನೂ ಎಷ್ಟೋ ಬರ್ಬೇಕು, ಬರೆಯೋರು ದಯವಿಟ್ಟು ಬರೀರಿ. ಅಲ್ಲೀವರ್ಗೂ ಮಗಳಿಗೆ ಸೂ ಟೌನ್‌ಸೆಂಡ್ ಅವರ ಆಡ್ರಿಯನ್ ಮೋಲ್ ಡೈರಿ ಟ್ರೈ ಮಾಡಿ, 1982ರಲ್ಲಿ ಬಂದಿದ್ದು, ಹದಿಮೂರೂಮುಕ್ಕಾಲು ವರ್ಷದ ಹುಡುಗನ ದಿನಚರಿ. ಮೊಡವೆ ಎದ್ದಿದ್ದೂ ಅವ್ನಿಗೆ ದೊಡ್ಡ ದುರಂತ. ಅಪ್ಪ ಅಮ್ಮ ಬೇರೆ ಆಗೋದು, ಹರೆಯದ ವಿಷ್ಯ ಎಲ್ಲಾ ಬರುತ್ತೆ, ಹಾಗಾಗಿ ನೀವೊಂದ್ಸಲ ಓದಿ ಕೊಡಿ.

ಮಳೆಹನಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಕರ್ವಾಲೋ ಅತ್ತೆ ಮನೇಲಿದೆ, ಶನಿವಾರ ತರ್ತೀನಿ. ಹಳೇ ಕಪಾಟು ಸರ್, ಸ್ವಾಮಿ ಆದ್ಮೇಲೆ ಮಗನಿಗೆ ಕ್ರಿಕೆಟ್ ಇರೋ ತಮಾಷೆ ಪುಸ್ತಕ ಬೇರೆ ಏನಾದ್ರೂ ಇದ್ಯಾ?

ಹಳೇ ಕಪಾಟು:
ಸ್ವಾಮೀಲೇ ಕ್ರಿಕೆಟ್ ಬೇಕಾದಷ್ಟಿದೆ ಮೇಡಂ, ಹುಡುಗ್ರು ಟೀಮ್ ಕಟ್ಟಿ ಎಂ.ಸಿ.ಸಿ. (ಮಾಲ್ಗುಡಿ ಕ್ರಿಕೆಟ್ ಕ್ಲಬ್) ಅಂತ ಹೆಸರಿಟ್ಟು ಬ್ಯಾಟಿಗೆ ಅಂಗಡಿಗೆ ಕಾಗದ ಬರೀತಾರೆ. ಮೊದ್ಲು ಅದು ಮುಗೀಲಿ.