ಸಿ ಶಾರ್ಪ್‌ನಿಂದ ಸ್ಟೋರ್ಡ್ ಪ್ರೊಸೀಜರ್ ಕರೆದಾಗ ಕನ್ನಡ ಹೆಸರು ಸಿಗುತ್ತಿಲ್ಲ, ಔಟ್‌ಪುಟ್ ಮೌಲ್ಯವೂ ಬರುತ್ತಿಲ್ಲ

ಪ್ರಶ್ನೆ

ನಮಸ್ಕಾರ. ಪತ್ತಿನ ಸಹಕಾರ ಸಂಘವೊಂದರ ಸದಸ್ಯರನ್ನು ಹೆಸರಿನಿಂದ ಹುಡುಕಲು ಎಸ್‌ಕ್ಯೂಎಲ್ ಸರ್ವರ್ 2017ರಲ್ಲಿ ಒಂದು ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನಲ್ಲಿಯೇ ಉಳಿಸಿಟ್ಟು ಹೆಸರಿನಿಂದ ಕರೆಯುವ ಕೋಡ್) ಬರೆದಿದ್ದೇನೆ. ಅದು ಹೊಂದುವ ಸಾಲುಗಳನ್ನು ಕೊಡುವುದರ ಜೊತೆಗೆ ಒಟ್ಟು ಸಂಖ್ಯೆಯನ್ನು ಔಟ್‌ಪುಟ್ ಪ್ಯಾರಾಮೀಟರಿನಲ್ಲಿ ಹಿಂದಿರುಗಿಸುತ್ತದೆ. ಎಸ್‌ಕ್ಯೂಎಲ್ ಸರ್ವರಿನೊಡನೆ ನೇರವಾಗಿ ಕೆಲಸ ಮಾಡುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ‘ಮಂಜುನಾಥ’ ಎಂದು ಕೊಟ್ಟರೆ ಎಲ್ಲವೂ ಸರಿಯಾಗಿದೆ. ಅದೇ ಹೆಸರನ್ನು ಪ್ರೋಗ್ರಾಮಿನಿಂದ ಕಳುಹಿಸಿದರೆ ಒಂದು ಸಾಲೂ ಬರುವುದಿಲ್ಲ, ಎರರ್ ಕೂಡ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿ ನಮೂದಾದ ಹೆಸರುಗಳು ಮಾತ್ರ ಸಿಗುತ್ತವೆ, ಆಗಲೂ ಸಾಲುಗಳನ್ನು ಒಂದೊಂದಾಗಿ ಓದುವ ಡೇಟಾ ರೀಡರ್ ಲೂಪಿನೊಳಗೆ ನೋಡಿದರೆ ಔಟ್‌ಪುಟ್ ಮೌಲ್ಯ ನಲ್ ಆಗಿರುತ್ತದೆ. ಟೇಬಲ್ಲಿನ ಕಾಲಂ ಮತ್ತು ಪ್ರೊಸೀಜರಿನ ಪ್ಯಾರಾಮೀಟರ್ ಎರಡೂ ಎನ್‌ವಾರ್‌ಚಾರ್ (ಯೂನಿಕೋಡ್ ಪಠ್ಯದ ವಿಧ). ಸಿ ಶಾರ್ಪ್‌ನಲ್ಲಿ ಮಾತ್ರ ಪ್ಯಾರಾಮೀಟರನ್ನು ವಾರ್‌ಚಾರ್ (ಯೂನಿಕೋಡ್ ಅಲ್ಲದ ಪಠ್ಯದ ವಿಧ) ಎಂದು ಸೇರಿಸಿದ್ದೇನೆ. ತಪ್ಪು ಎಲ್ಲಿದೆ?

ಉತ್ತರ 1

ಇವು ಎರಡು ಬೇರೆ ಬೇರೆ ತೊಂದರೆಗಳು. ಔಟ್‌ಪುಟ್ ವಿಷಯ ಸುಲಭದ್ದು: ಸರ್ವರ್ ಮೊದಲು ಸಾಲುಗಳನ್ನೆಲ್ಲ ಕಳುಹಿಸಿ, ಅವುಗಳ ಹಿಂದೆಯೇ ಔಟ್‌ಪುಟ್ ಮೌಲ್ಯಗಳನ್ನು ಕಳುಹಿಸುತ್ತದೆ. ಆದುದರಿಂದ ಲೂಪ್ ಮುಗಿಸಿ, ಡೇಟಾ ರೀಡರನ್ನು ಮುಚ್ಚಿದ ಮೇಲೆಯೇ ಆ ಮೌಲ್ಯವನ್ನು ಓದಬೇಕು.

ಕನ್ನಡ ಹೆಸರಿನ ತೊಂದರೆಗೆ ನೀವು ಸೇರಿಸಿದ ವಾರ್‌ಚಾರ್ ಕಾರಣ. ಆ ವಿಧವನ್ನು ಹೇಳಿದೊಡನೆ ಪ್ರೋಗ್ರಾಮನ್ನು ಸರ್ವರಿಗೆ ಜೋಡಿಸುವ ಡ್ರೈವರು ಪಠ್ಯವನ್ನು ಡೇಟಾಬೇಸಿನ ಕೊಲೇಶನ್‌ಗೆ (ಪಠ್ಯವನ್ನು ಇಡುವ, ಹೋಲಿಸುವ ನಿಯಮಗಳಿಗೆ) ತಕ್ಕ ಕೋಡ್ ಪೇಜಿಗೆ (ಸೀಮಿತ ಅಕ್ಷರಗಳ ಪಟ್ಟಿಗೆ) ಇಳಿಸುತ್ತದೆ, ಮತ್ತು ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂತಹ ಹಳೆಯ ಕೋಡ್ ಪೇಜೇ ಇಲ್ಲದಿರುವುದರಿಂದ ಪ್ರತಿಯೊಂದು ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ. ಸರ್ವರಿಗೆ ಬರುವ ಕರೆಗಳನ್ನು ತೋರಿಸುವ ಪ್ರೊಫೈಲರ್ ತೆರೆದು, ಪ್ರೊಸೀಜರ್ ಕರೆ ಮುಗಿದಾಗ ದಾಖಲಾಗುವ ಆರ್‌ಪಿಸಿ ಕಂಪ್ಲೀಟೆಡ್ ಈವೆಂಟನ್ನು ಗಮನಿಸಿದರೆ ‘ಮಂಜುನಾಥ’ ಇರಬೇಕಾದಲ್ಲಿ ‘???????’ ಎಂದು ಕಾಣಿಸುತ್ತದೆ. ಪ್ರೊಸೀಜರಿನಲ್ಲಿ ಎನ್‌ವಾರ್‌ಚಾರ್ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಹೆಸರು ಅಲ್ಲಿಗೆ ತಲುಪುವ ಮೊದಲೇ ಕೆಟ್ಟಿರುತ್ತದೆ. ಸಿ ಶಾರ್ಪ್‌ನಲ್ಲಿಯೂ ಎನ್‌ವಾರ್‌ಚಾರ್ ಎಂದೇ ಬರೆಯಿರಿ.

ಉತ್ತರ 2

ಇಷ್ಟೆಲ್ಲ ಯೋಚಿಸುವ ಬದಲು ವಿಧ ಹೇಳದೆ ಮೌಲ್ಯವನ್ನಷ್ಟೇ ಕೊಡುವ ಆಡ್ ವಿತ್ ವ್ಯಾಲ್ಯೂ ಮೆಥಡ್ ಬಳಸಿದರೆ ಸಾಕಲ್ಲವೇ? ಸ್ಟ್ರಿಂಗ್ ಕೊಟ್ಟರೆ ಅದು ತಾನಾಗಿಯೇ ಎನ್‌ವಾರ್‌ಚಾರ್ ಆಗಿ ಹೋಗುತ್ತದೆ.

ಉತ್ತರ 1 ಬರೆದವರು

ಈ ಒಂದು ಕರೆಗೆ ಸಾಕು. ಆದರೂ ನಾನು ಅದನ್ನು ಸಲಹೆ ಮಾಡುವುದಿಲ್ಲ. ವಿಧ, ಸೈಜ್ ಮತ್ತು ದಿಕ್ಕು (ಇನ್‌ಪುಟ್ ಅಥವಾ ಔಟ್‌ಪುಟ್) ಈ ಮೂರನ್ನೂ ನಾವೇ ಬರೆದಿಟ್ಟರೆ ಮುಂದೆ ಕೋಡ್ ಓದುವವರಿಗೆ ಪ್ರೊಸೀಜರ್ ಏನನ್ನು ನಿರೀಕ್ಷಿಸುತ್ತದೆ ಎಂಬುದು ಅಲ್ಲಿಯೇ ಕಾಣುತ್ತದೆ. ಔಟ್‌ಪುಟ್ ಪ್ಯಾರಾಮೀಟರ್ ಪಠ್ಯವಾಗಿದ್ದರಂತೂ ಸೈಜ್ ಕೊಡದಿದ್ದರೆ ಕರೆಯೇ ವಿಫಲವಾಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಔಟ್‌ಪುಟ್ ಬರುತ್ತಿದೆ, ‘ಮಂಜುನಾಥ’ ಕೂಡ ಸಿಗುತ್ತಿದೆ. ಆದರೆ ‘ಲಕ್ಷ್ಮೀನಾರಾಯಣ’ ಎಂದು ಹುಡುಕಿದರೆ ಈಗಲೂ ಏನೂ ಇಲ್ಲ, ಸ್ಟುಡಿಯೋದಲ್ಲಿಯೂ ಇಲ್ಲ. ಪ್ರೊಸೀಜರಿನಲ್ಲಿ ಪ್ಯಾರಾಮೀಟರ್ ಎನ್‌ವಾರ್‌ಚಾರ್ 10 ಎಂದಿದೆ. ಈ ಹೆಸರಿನಲ್ಲಿರುವುದು ಆರೇ ಅಕ್ಷರ.

ಉತ್ತರ 3

ನಮ್ಮ ಎಣಿಕೆಯಲ್ಲಿ ಆರು, ಎಸ್‌ಕ್ಯೂಎಲ್ ಸರ್ವರ್‌ನ ಎಣಿಕೆಯಲ್ಲಿ ಹದಿಮೂರು. ಯೂನಿಕೋಡಿನಲ್ಲಿ ವ್ಯಂಜನ, ಹಲಂತ ಚಿಹ್ನೆ (್) ಮತ್ತು ಸ್ವರಚಿಹ್ನೆ ಇವೆಲ್ಲ ಬೇರೆ ಬೇರೆ ಸಂಕೇತಗಳು. ‘ಕ್ಷ್ಮೀ’ ಎಂಬ ಒಂದೇ ಅಕ್ಷರಕ್ಕೆ ಆರು ಬೇಕಾಗುತ್ತವೆ. ಹೀಗಾಗಿ ಹತ್ತರ ಮಿತಿಯೊಳಗೆ ‘ಲಕ್ಷ್ಮೀನಾರ’ ಎಂಬಷ್ಟು ಮಾತ್ರ ಉಳಿಯುತ್ತದೆ, ಮತ್ತು ಆ ಹೆಸರಿನವರು ನಿಮ್ಮ ಸಂಘದಲ್ಲಿ ಯಾರೂ ಇರಲಾರರು. ಟೇಬಲ್ಲಿನ ಕಾಲಮಿಗೆ ಹಿಡಿಸದಷ್ಟು ಉದ್ದದ ಪಠ್ಯವನ್ನು ಸೇರಿಸಹೊರಟರೆ ಸಾಮಾನ್ಯವಾಗಿ ಸರ್ವರ್ ತಕರಾರು ತೆಗೆಯುತ್ತದೆ, ಆದರೆ ಪ್ರೊಸೀಜರಿನ ಪ್ಯಾರಾಮೀಟರಿಗೆ ಹಿಡಿಸದ್ದನ್ನು ಸದ್ದಿಲ್ಲದೆ ಕತ್ತರಿಸಿಹಾಕುತ್ತದೆ. ಸೈಜ್ ಬರೆಯದೆ ಬರಿಯ ಎನ್‌ವಾರ್‌ಚಾರ್ ಎಂದು ಬಿಟ್ಟರೆ ಅದರ ಉದ್ದ 1 ಎಂದಾಗಿ, ‘ಲ’ ಒಂದೇ ಉಳಿಯುತ್ತದೆ. ಕಾಲಮಿನ ಉದ್ದ ಎಷ್ಟಿದೆಯೋ ಅಷ್ಟನ್ನೇ ಪ್ರೊಸೀಜರಿನಲ್ಲಿಯೂ ಸಿ ಶಾರ್ಪ್‌ನಲ್ಲಿಯೂ ಕೊಡಿ. ಸಿ ಶಾರ್ಪ್‌ನಲ್ಲಿ ಸೈಜ್ ಕಡಿಮೆ ಇಟ್ಟರೆ ಡ್ರೈವರು ಕೂಡ ಹೀಗೆಯೇ ಕತ್ತರಿಸುತ್ತದೆ.

ಎಸ್‌ಕ್ಯೂಎಲ್ ಸರ್ವರ್ 2019ರಿಂದ ವಾರ್‌ಚಾರ್‌ಗೆ ಯೂನಿಕೋಡನ್ನು ಬರೆಯುವ ಒಂದು ವಿಧಾನವಾದ ಯುಟಿಎಫ್-8ರ ಕೊಲೇಶನ್ ಸಿಗುತ್ತದೆ ಎಂದು ಯಾರಾದರೂ ಸೂಚಿಸಬಹುದು. ಅದು ನಿಜವಾದರೂ ಅದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಎನ್‌ವಾರ್‌ಚಾರ್‌ನಲ್ಲಿ ಎರಡೇ ಸಾಕು. ಕಾಲಂ ಬದಲಿಸುವ ಅಗತ್ಯ ನಿಮಗಿಲ್ಲ.