ಮೂರು ವರ್ಷಕ್ಕೇ ಡಿಗ್ರಿ ಮುಗಿಸುವುದಾ, ನಾಲ್ಕನೇ ವರ್ಷ ಕೂರುವುದಾ? ಕಾಸರಗೋಡಿನವರು ಹೇಳಿ

ಬದಿಯಡ್ಕದಿಂದ ಕೇಳುತ್ತಿರುವವಳು:
ಕಣ್ಣೂರು ವಿಶ್ವವಿದ್ಯಾಲಯದ ಬಿ.ಎ. ಇತಿಹಾಸ, 2024ರಲ್ಲಿ ಸೇರಿದ್ದು. ನಾಲ್ಕು ವರ್ಷದ ಪದವಿಯ ಮೊದಲ ಬ್ಯಾಚ್ ನಮ್ಮದೇ. ಮೂರಕ್ಕೇ ಹೊರಗೆ ಬರಬಹುದು, ಕೂತರೆ ಆನರ್ಸ್. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮಲಯಾಳ ಮಾತಾಡುತ್ತೇನೆ, ಬರೆಯಲು ಕೈ ಓಡುವುದಿಲ್ಲ. ಅಪ್ಪ ಬಿ.ಎಡ್. ಮಾಡು ಅನ್ನುತ್ತಾರೆ, ಮಾವ ಮಂಗಳೂರಿನಲ್ಲಿ ಕೆಲಸಕ್ಕೆ ಸೇರು ಅನ್ನುತ್ತಾರೆ, ಗೆಳತಿಯರು ಪಿಎಸ್‌ಸಿ (ಕೇರಳದ ಸರಕಾರಿ ನೇಮಕಾತಿ) ಪರೀಕ್ಷೆ ಬರೆ ಅನ್ನುತ್ತಾರೆ. ನನಗೆ ತಲೆನೋವು.

ಕುಂಬಳೆ ಕಡೆಯ ಟೀಚರ್:
ಅಪ್ಪ ಹೇಳಿದ್ದು ತಪ್ಪಲ್ಲ ತಂಗಿ, ಆದರೆ ಲೆಕ್ಕ ಪೂರ್ತಿ ಹೇಳಿಲ್ಲ. ಬಿ.ಎಡ್. ಎರಡು ವರ್ಷ, ಮೇಲೆ ಕೆ-ಟೆಟ್ ಅಂತ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ, ಹೈಸ್ಕೂಲಿಗಾದರೆ ಅದರ ಮೂರನೇ ಕೆಟಗರಿ. ಅಷ್ಟಾದ ಮೇಲೂ ಕನ್ನಡ ಮಾಧ್ಯಮದ ಸಮಾಜ ವಿಜ್ಞಾನ ಹುದ್ದೆ ಕರೆಯುವವರೆಗೆ ಕಾಯಬೇಕು. ನಾನು ಐದು ವರ್ಷ ದಿನವೇತನದಲ್ಲಿ ದುಡಿದೆ. ಜೂನ್ ಬಂದರೆ ಸರ್ಟಿಫಿಕೇಟಿನ ಫೈಲ್ ಕೊಡೆಯೊಳಗೆ ಅವಚಿಕೊಂಡು ಶಾಲೆಯಿಂದ ಶಾಲೆಗೆ ಸಂದರ್ಶನ. ಮಾರ್ಚ್ ಮುಗಿದರೆ ಮನೆ. ಏಪ್ರಿಲ್, ಮೇ ಸಂಬಳ ಇಲ್ಲ, ಪಕ್ಕದ ಮನೆಯಲ್ಲಿ ಅಡಿಕೆ ಸುಲಿದು ಬಸ್ಸಿನ ಖರ್ಚು ಹೊಂದಿಸಿದ್ದೂ ಉಂಟು. ಮಕ್ಕಳೆದುರು ನಿಂತರೆ ಇದೆಲ್ಲ ಮರೆಯುತ್ತದೆ ಅನ್ನಿಸಿದರೆ ಮಾತ್ರ ಬಾ. ಇನ್ನೊಂದು, ಬಿ.ಎಡ್. ಆದರೆ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಗೂ ಹೋಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡ. 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿಗೆ ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಬೇಕು.

ಮಂಗಳೂರಿನಲ್ಲಿ ಬ್ಯಾಂಕ್ ಕ್ಲರ್ಕ್, ಊರು ಪೆರ್ಲ:
ಯಾವ ಬಾಗಿಲು ಮೊದಲು ಮುಚ್ಚುತ್ತದೋ ಅದನ್ನು ಮೊದಲು ತಟ್ಟು. ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಪರೀಕ್ಷೆ) ಕ್ಲರ್ಕಿಗೆ ಸಾಮಾನ್ಯ ವರ್ಗದ ವಯಸ್ಸು 20ರಿಂದ 28. ಪಿಎಸ್‌ಸಿಯ ಎಲ್‌ಡಿ (ಲೋವರ್ ಡಿವಿಷನ್) ಕ್ಲರ್ಕಿಗೆ 36ರವರೆಗೆ ಉಂಟು. ಬ್ಯಾಂಕಿನ ಅರ್ಜಿಯಲ್ಲಿ ಒಂದೇ ರಾಜ್ಯ ಆರಿಸಬೇಕು, ಆ ರಾಜ್ಯದ ಭಾಷೆ ಬರಬೇಕು. ನಾನು ಕರ್ನಾಟಕ ಹಾಕಿದೆ. ಕನ್ನಡ ಮಾಧ್ಯಮ ಅಂತ ಕಾಲೇಜಲ್ಲಿ ತಲೆ ತಗ್ಗಿಸುತ್ತಿದ್ದವನಿಗೆ ಅದೇ ಅನ್ನ ಕೊಟ್ಟಿತು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ಇಂಗ್ಲಿಷ್ ಭಾಗದಿಂದ ಮಾತ್ರ ತಪ್ಪಿಸಿಕೊಳ್ಳಲಾಗುವುದಿಲ್ಲ.

ಉಪ್ಪಳದವನು:
ಮಾವನ ಮಾತು ಕೇಳುವ ಮೊದಲು ಸಂಬಳದಿಂದ ಪೇಯಿಂಗ್ ಗೆಸ್ಟ್ ಕೋಣೆಯ ಬಾಡಿಗೆ ಕಳೆದು ನೋಡಿ. ನಾನು ಮಂಗಳೂರಿಗೆ ದಿನಾ ರೈಲಲ್ಲಿ ಹೋಗಿಬರುತ್ತಿದ್ದೆ. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತಲ್ಲ, ನನ್ನ ಆ ಕೆಲಸ ಅಲ್ಲಿಗೇ ಮುಗಿಯಿತು.

ಪೆರಿಯದಲ್ಲಿ ಸಂಶೋಧನೆ ಮಾಡುವವಳು:
ನಾಲ್ಕನೇ ವರ್ಷದ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಬಂದರೆ ಎಂ.ಎ. ಇಲ್ಲದೆಯೂ ಸಂಶೋಧನೆಗೆ ಹೋಗಲು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು. ಓದುವ ಹುಚ್ಚು ಇದ್ದರೆ ಕೂರು. ಕೆಲಸವೇ ಗುರಿಯಾದರೆ ಆ ಒಂದು ವರ್ಷ ದಂಡ, ಬೇಜಾರು ಮಾಡಬೇಡ. ಇಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಎಂ.ಎ. ಸೇರುವುದಾದರೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಪದವಿಯ ಫಲಿತಾಂಶ ಬರಲಿ ಅಂತ ಕೂತರೆ ಅರ್ಜಿಯ ದಿನ ದಾಟಿರುತ್ತದೆ.

ಮುಳ್ಳೇರಿಯಾದ ಅಣ್ಣ, ಸರಕಾರಿ ಕಚೇರಿಯಲ್ಲಿ ಕ್ಲರ್ಕ್:
ನಾನು ಬಂದದ್ದು ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಅಂತ ನಮ್ಮ ಜಿಲ್ಲೆಯಲ್ಲಿ ಕರೆಯುವ ಎಲ್‌ಡಿ ಕ್ಲರ್ಕ್ ಹುದ್ದೆಗೆ. ಅದಕ್ಕೆ ಪೈಪೋಟಿ ಕಡಿಮೆ, ಹುದ್ದೆಯೂ ಕಡಿಮೆ. ಪಿಎಸ್‌ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ ಅಂತ ಮಲಯಾಳ ಬಿಡಬೇಡ. ಕೆಲಸಕ್ಕೆ ಸೇರಿದ ವಾರವೇ ಫೈಲಿನಲ್ಲಿ 'ವೞಿ' (ದಾರಿ, ಮೂಲಕ) ಅಂತ ಬರೆಯುವಲ್ಲಿ 'ವಳಿ' ಅಂತ ಬರೆದೆ, ಮಲಯಾಳದಲ್ಲಿ ಅದು ಹೂಸು, ಇಡೀ ಸೆಕ್ಷನ್ ನಕ್ಕಿತು. ನಾವು ಹಳಗನ್ನಡದ ಪಾಠದಲ್ಲಿ ಮಾತ್ರ ಕಂಡ ೞ ಅಲ್ಲಿ ದಿನಾ ಬೇಕು ಮಾರಾಯ್ತಿ. ದಿನಕ್ಕೊಂದು ಪುಟ ಮಲಯಾಳ ಪತ್ರಿಕೆ ನೋಡಿ ಬರೆ.

ಮತ್ತೆ, ಅರ್ಜಿ ಹಾಕಿದರೆ ಮುಗಿಯಲಿಲ್ಲ. ಪರೀಕ್ಷೆ ಬರೆಯುತ್ತೇನೆ ಅಂತ ಪ್ರೊಫೈಲಿನಲ್ಲಿ ಕನ್ಫರ್ಮೇಶನ್ ಕೊಡಬೇಕು, ಅದಕ್ಕೂ ಕೊನೆಯ ದಿನ ಉಂಟು. ನಾನು ಒಮ್ಮೆ ಮರೆತೆ. ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಲು ಹೋದಾಗ ಗೊತ್ತಾಯಿತು. ಮುಂದಿನ ಕರೆ ಬರುವಾಗ ನನ್ನ ಜೊತೆ ಓದಿದವನು ಕೆಲಸದಲ್ಲಿದ್ದ.

ಬದಿಯಡ್ಕದವಳು:
ಎಲ್ಲರಿಗೂ ಥ್ಯಾಂಕ್ಸ್. ಮೂರಕ್ಕೇ ಹೊರಗೆ ಬರುತ್ತೇನೆ, ಒಂದು ವರ್ಷ ಬ್ಯಾಂಕ್, ಜೊತೆಗೆ ಪಿಎಸ್‌ಸಿ. ಬಿ.ಎಡ್. ವಿಷಯ ಅಪ್ಪನ ಹತ್ತಿರ ಟೀಚರ್ ಹೇಳಿದ ಲೆಕ್ಕ ಇಟ್ಟೇ ಮಾತಾಡುತ್ತೇನೆ. ಅಣ್ಣ, ಈಗ ಪಿಎಸ್‌ಸಿಯಲ್ಲಿ ಹೆಸರು ನೋಂದಾಯಿಸುತ್ತಿದ್ದೇನೆ. ಫೋಟೊದ ಕೆಳಗೆ ಹೆಸರು, ತಾರೀಕು ಬೇಕಾ?

ಮುಳ್ಳೇರಿಯಾದ ಅಣ್ಣ:
ಬೇಕು. ಫೋಟೊ ತೆಗೆದ ತಾರೀಕು ಹಾಕು, ಇವತ್ತಿನದ್ದಲ್ಲ.