ಅಪ್‌ಡೇಟ್: ಹಳೆಯ ಐಪ್ಯಾಡ್ ಕೀಬೋರ್ಡ್ ಭಾವನವರ ಪಾಲಾಯಿತು

ಒಂಬತ್ತನೇ ತಲೆಮಾರಿನ ಐಪ್ಯಾಡ್‌ಗೆಂದು ಕೊಂಡಿದ್ದ, ಮುಚ್ಚಳವೂ ಆಗುವ ಆಪಲ್‌ನ ಸ್ಮಾರ್ಟ್ ಕೀಬೋರ್ಡ್ ಹತ್ತನೇ ತಲೆಮಾರಿನದಕ್ಕೆ ಹೊಂದುತ್ತದೆಯೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಹೊಂದುವುದಿಲ್ಲ.

ರಾಯಚೂರಿನ ತೀನ್ ಕಂದೀಲ್ ಬಳಿಯ ಅಂಗಡಿಯವರೊಬ್ಬರು ಮಾತ್ರ "ಎಲ್ಲವೂ ಒಂದೇ ಕಂಪನಿ, ಕೂಡುತ್ತದೆ ಸರ್" ಎಂದು ಎದೆ ತಟ್ಟಿ ಹೇಳಿದ್ದರು. ಒಂಬತ್ತನೇ ತಲೆಮಾರಿನ, ಅಂದರೆ 2021ರ ಮಾದರಿಯ ಪರದೆ 10.2 ಇಂಚು, ಹತ್ತನೆಯದಾದ 2022ರದು 10.9 ಇಂಚು. ಅಳತೆಯೊಂದೇ ತೊಡಕಲ್ಲ. ಕೀಬೋರ್ಡ್ ಕೂಡಿಸಲು ಅಂಚಿನಲ್ಲಿ ಮೂರು ಲೋಹದ ಚುಕ್ಕೆಗಳಿರುವ ಸ್ಮಾರ್ಟ್ ಕನೆಕ್ಟರ್ ಎರಡು ಐಪ್ಯಾಡ್‌ಗಳಲ್ಲೂ ಇದ್ದರೂ, ಹೊಸದಕ್ಕೆ ಆಪಲ್ ಮ್ಯಾಜಿಕ್ ಕೀಬೋರ್ಡ್ ಫೋಲಿಯೋ ಎಂಬ ಬೇರೆಯದನ್ನೇ ತಯಾರಿಸಿದೆ. ಹಳೆಯ ಕೀಬೋರ್ಡ್‌ನಲ್ಲಿ ಬ್ಯಾಟರಿಯೂ ಇಲ್ಲ, ಬ್ಲೂಟೂತ್ ಕೂಡ ಇಲ್ಲ. ಆ ಚುಕ್ಕೆಗಳ ಮೂಲಕ ವಿದ್ಯುತ್ ಬಾರದಿದ್ದರೆ ಅದು ಬರೀ ಮುಚ್ಚಳ.

ತಮಾಷೆಯೆಂದರೆ, ಸಿಂಧನೂರಿನ ನಮ್ಮ ಭಾವನವರ 2019ರ ಮೂರನೇ ತಲೆಮಾರಿನ ಐಪ್ಯಾಡ್ ಏರ್‌ಗೆ ಅದು ಪಕ್ಕಾ ಹೊಂದಿತು. ಅದರ ಪರದೆ 10.5 ಇಂಚಿನದು, ಹೆಸರೂ ಬೇರೆ. ಅಯಸ್ಕಾಂತ ಟಕ್ಕನೆ ಕಚ್ಚಿಕೊಂಡಿತು, ಜೋಡಣೆಯ ಯಾವ ಗೋಜೂ ಇಲ್ಲದೆ ಅಕ್ಷರಗಳು ಮೂಡಿದವು. ಭಾವನವರು ಹಿಂತಿರುಗಿಸುವ ಮಾತನ್ನೇ ಎತ್ತುತ್ತಿಲ್ಲ!

ನಾನು ಫೋಲಿಯೋದ ಬೆಲೆ ನೋಡಿ ಹಿಂದೆ ಸರಿದು, ಸಾದಾ ಬ್ಲೂಟೂತ್ ಕೀಬೋರ್ಡ್ ತೆಗೆದುಕೊಂಡೆ. ದಲ್ಲಾಳಿ ಅಂಗಡಿಯ ಹತ್ತಿ ಲೆಕ್ಕ ಬರೆಯಲು ಅದು ಧಾರಾಳ ಸಾಕು. ಆಗಾಗ ಚಾರ್ಜ್ ಮಾಡಬೇಕು ಅಷ್ಟೇ. ಮುಂದೆ ಟ್ಯಾಬ್ಲೆಟ್ ಬದಲಾದರೂ ಇದನ್ನು ಬದಲಿಸುವ ಅಗತ್ಯವಿಲ್ಲ. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಮಾದರಿಗಳ ಪಟ್ಟಿಯನ್ನು ಓದಿಯೇ ದುಡ್ಡು ಕೊಡಿ.